ಯಾವ ಕ್ಲಾಸಿನದು ಅಂತ ಗೊತ್ತಿಲ್ಲದ ಆಬ್ಜೆಕ್ಟ್‌ನ ಪ್ರಾಪರ್ಟಿಗಳನ್ನು ಓದುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಸಿ ಶಾರ್ಪ್‌ನಲ್ಲಿ ಒಂದು ಜೆನೆರಿಕ್ ಮೆಥಡ್ ಬರೆದಿದ್ದೀರಿ, ಅಂದರೆ ಯಾವ ಟೈಪ್‌ಗಾದರೂ ಆಗುವ, ಟೈಪ್‌ನ ಜಾಗದಲ್ಲಿ ಟಿ ಅಂತ ಬರೆದ ಮೆಥಡ್. ಅದಕ್ಕೆ ಯಾವ ಆಬ್ಜೆಕ್ಟ್ ಬಂದರೂ ಅದರ ಪ್ರಾಪರ್ಟಿಗಳ ಹೆಸರು, ವ್ಯಾಲ್ಯೂ ಎಲ್ಲ ಲಾಗ್‌ಗೆ ಹೋಗಬೇಕು. ಟೈಪ್‌ಆಫ್ ಟಿ ಮೇಲೆ ಗೆಟ್‌ಪ್ರಾಪರ್ಟೀಸ್ ಕರೆದಿದ್ದೀರಿ. ಕೆಲವು ಸಲ ಸರಿಯಾಗಿ ಬರುತ್ತದೆ, ಕೆಲವು ಸಲ ಖಾಲಿ ಅರೇ ಬರುತ್ತದೆ.

ತಪ್ಪಿರುವುದು ಟೈಪ್‌ಆಫ್‌ನಲ್ಲಿ. ಟಿ ಯಾವುದು ಅಂತ ಕಂಪೈಲರ್ ತೀರ್ಮಾನಿಸುವುದು ವೇರಿಯಬಲ್‌ಗೆ ನೀವು ಅಂಟಿಸಿದ ಚೀಟಿ ನೋಡಿ. ಡಬ್ಬದೊಳಗೆ ಏನಿದೆ ಅಂತ ಅದು ನೋಡುವುದಿಲ್ಲ. ವೇರಿಯಬಲ್ ಅನ್ನು ಆಬ್ಜೆಕ್ಟ್ ಅಂತ ಡಿಕ್ಲೇರ್ ಮಾಡಿದ್ದರೆ ಟಿ ಕೂಡ ಆಬ್ಜೆಕ್ಟ್ ಆಗುತ್ತದೆ. ಆ ಮೂಲ ಕ್ಲಾಸಿಗೆ ಒಂದೂ ಪ್ರಾಪರ್ಟಿ ಇಲ್ಲ. ಖಾಲಿ ಬರದೆ ಇನ್ನೇನು ಬರಬೇಕು? ಟೈಪ್‌ಆಫ್ ಬಿಡಿ. ಕೈಯಲ್ಲಿರುವ ಆಬ್ಜೆಕ್ಟ್ ಮೇಲೆಯೇ ಗೆಟ್‌ಟೈಪ್ ಕರೆಯಿರಿ. ಅದಕ್ಕೂ ಮೊದಲು ನಲ್ ಅಲ್ಲ ಅಂತ ನೋಡಿಕೊಳ್ಳಿ.

ಆಮೇಲೂ ಖಾಲಿ ಬಂದರೆ ಇನ್ನೆರಡು ಕಾರಣ ಇರಬಹುದು. ಒಂದು, ಆ ಕ್ಲಾಸಿನಲ್ಲಿ ಇರುವುದು ಪ್ರಾಪರ್ಟಿಗಳಲ್ಲ, ಬರೀ ಫೀಲ್ಡ್‌ಗಳು. ಗೆಟ್, ಸೆಟ್ ಬರೆಯದಿದ್ದರೆ ಅದು ಫೀಲ್ಡ್. ಅದಕ್ಕೆ ಗೆಟ್‌ಫೀಲ್ಡ್ಸ್ ಬೇಕು. ಇನ್ನೊಂದು ಬೈಂಡಿಂಗ್‌ಫ್ಲ್ಯಾಗ್ಸ್, ಅಂದರೆ ಯಾವ ಬಗೆಯ ಪ್ರಾಪರ್ಟಿಗಳು ಬೇಕು ಅಂತ ಹೇಳುವ ಆಯ್ಕೆಗಳು. ಪ್ರೈವೇಟ್ ಪ್ರಾಪರ್ಟಿಯೂ ಬೇಕು ಅಂತ ನಾನ್‌ಪಬ್ಲಿಕ್ ಒಂದನ್ನೇ ಕೊಟ್ಟರೆ ಏನೂ ಸಿಗುವುದಿಲ್ಲ. ಜೊತೆಗೆ ಇನ್‌ಸ್ಟನ್ಸ್ ಅಥವಾ ಸ್ಟ್ಯಾಟಿಕ್ ಸೇರಿಸಲೇಬೇಕು. ಸೇರಿಸದಿದ್ದರೆ ಎರರ್ ಕೂಡ ಬರುವುದಿಲ್ಲ, ಸುಮ್ನೆ ಖಾಲಿ ಅರೇ. ನನಗಂತೂ ಇದು ಕೆಟ್ಟ ಡಿಸೈನ್ ಅನ್ನಿಸುತ್ತದೆ.

ಪಟ್ಟಿ ಸಿಕ್ಕಿತು ಅಂದುಕೊಳ್ಳಿ. ಈಗ ಒಂದೊಂದೇ ಪ್ರಾಪರ್ಟಿಇನ್ಫೋ ತೆಗೆದುಕೊಂಡು, ನೇಮ್ ಓದಿ, ಗೆಟ್‌ವ್ಯಾಲ್ಯೂಗೆ ಆಬ್ಜೆಕ್ಟ್ ಕೊಟ್ಟರೆ ಕೆಲಸ ಮುಗಿಯಿತು ಅನ್ನಿಸುತ್ತದೆ, ಅಲ್ವಾ? ಇಲ್ಲೇ ನಾನು ಎಡವಿದ್ದು.

ಫೀಲ್ಡ್ ಅಂದರೆ ಇಟ್ಟಿರುವ ವ್ಯಾಲ್ಯೂ. ಪ್ರಾಪರ್ಟಿ ಹಾಗಲ್ಲ, ಅದು ವ್ಯಾಲ್ಯೂ ವೇಷದಲ್ಲಿರುವ ಮೆಥಡ್. ಗೆಟ್‌ವ್ಯಾಲ್ಯೂ ಕರೆದಾಗ ಯಾರೋ ಬರೆದ ಗೆಟರ್ ಕೋಡ್ ಓಡುತ್ತದೆ. ಒಳಗೆ ಏನಿದೆ ಅಂತ ನಿಮಗೆ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೇ ರಿಫ್ಲೆಕ್ಷನ್ (ಪ್ರೋಗ್ರಾಂ ಓಡುವಾಗಲೇ ಟೈಪ್‌ನ ಒಳಗೇನಿದೆ ಅಂತ ಕೇಳಿ ತಿಳಿಯುವ ಈ ವಿಧಾನ) ಬಳಸುತ್ತಿದ್ದೀರಿ.

ನಾನು ಬರೆದ ಲಾಗರ್‌ಗೆ ಒಂದು ದಿನ ಡೇಟಾಬೇಸ್‌ನಿಂದ ಬಂದ ಆರ್ಡರ್ ಆಬ್ಜೆಕ್ಟ್ ಸಿಕ್ಕಿತು. ಲೇಜಿ ಲೋಡಿಂಗ್, ಅಂದರೆ ಪ್ರಾಪರ್ಟಿ ಮುಟ್ಟಿದಾಗ ಮಾತ್ರ ಅದರ ಡೇಟಾ ತರುವ ಏರ್ಪಾಡು, ಆನ್ ಆಗಿತ್ತು. ಕಸ್ಟಮರ್ ಪ್ರಾಪರ್ಟಿ ಮುಟ್ಟಿದ ಕೂಡಲೇ ಒಂದು ಕ್ವೆರಿ ಹೋಯಿತು. ಆ ಕಸ್ಟಮರ್‌ನ ಹಳೆಯ ಆರ್ಡರ್‌ಗಳಿಗೆ ಇನ್ನೊಂದು, ಅವುಗಳೊಳಗಿನ ಐಟಂಗಳಿಗೆ ಮತ್ತಷ್ಟು. ಒಂದು ಸಾಲು ಲಾಗ್ ಬರೆಯಲು ಟೇಬಲ್ ಮೇಲೆ ಟೇಬಲ್ ಎಳೆದು ತರುತ್ತಿದ್ದೆ. ಪೇಜ್ ಯಾಕೆ ತೆವಳುತ್ತಿದೆ ಅಂತ ಎರಡು ದಿನ ಇಂಡೆಕ್ಸ್‌ಗಳನ್ನು ತಡಕಿದೆ. ಕಳ್ಳ ನನ್ನ ಲಾಗರ್‌ನಲ್ಲೇ ಕೂತಿದ್ದ.

ಒಳಒಳಗೆ ಇಳಿಯುತ್ತಾ ಹೋಗುವ ಕೋಡ್‌ಗೆ ಲೇಜಿ ಲೋಡಿಂಗೇ ಬೇಕಿಲ್ಲ, ಒಂದು ತಾರೀಕು ಸಾಕು. ಡೇಟ್‌ಟೈಮ್‌ಗೆ ಡೇಟ್ ಅನ್ನುವ ಪ್ರಾಪರ್ಟಿ ಇದೆ. ಅದು ಕೊಡುವುದೂ ಡೇಟ್‌ಟೈಮ್. ಅದರೊಳಗೆ ಮತ್ತೆ ಡೇಟ್. ಕೊನೆಗೆ ಸ್ಟ್ಯಾಕ್ ತುಂಬಿ ಪ್ರೋಗ್ರಾಂ ಸಾಯುತ್ತದೆ. ಸ್ಟ್ಯಾಕ್ ಓವರ್‌ಫ್ಲೋ ಆದರೆ ಟ್ರೈ ಕ್ಯಾಚ್ ಕೂಡ ಉಳಿಸುವುದಿಲ್ಲ. ಈಸ್‌ಪ್ರಿಮಿಟಿವ್ ನೋಡಿ ನಿಲ್ಲಿಸೋಣ ಅಂದರೆ ಅದು ಡೇಟ್‌ಟೈಮ್, ಡೆಸಿಮಲ್, ಸ್ಟ್ರಿಂಗ್ ಮೂರಕ್ಕೂ ಫಾಲ್ಸ್ ಅನ್ನುತ್ತದೆ. ಹಾಗಾಗಿ ಇವನ್ನು ಹೆಸರು ಹಿಡಿದೇ ಹೊರಗಿಡಿ, ಎಷ್ಟು ಆಳಕ್ಕೆ ಇಳಿಯಬೇಕು ಅನ್ನುವುದಕ್ಕೂ ಮಿತಿ ಹಾಕಿ. ನಾನು 2ಕ್ಕೆ ನಿಲ್ಲಿಸುತ್ತೇನೆ. ಲಾಗ್‌ಗೆ ಅದಕ್ಕಿಂತ ಜಾಸ್ತಿ ಯಾರೂ ಓದುವುದಿಲ್ಲ.

ಸ್ಟ್ರಿಂಗ್‌ನಲ್ಲಿ ಇನ್ನೊಂದು ತಮಾಷೆ ಇದೆ. ಅದರ ಪ್ರಾಪರ್ಟಿಗಳನ್ನು ಕೇಳಿದರೆ ಲೆಂತ್ ಜೊತೆ ಕ್ಯಾರ್ಸ್ ಅಂತ ಒಂದು ಬರುತ್ತದೆ. ಅದು ಇಂಡೆಕ್ಸರ್, ಎಷ್ಟನೆಯ ಅಕ್ಷರ ಅಂತ ಹೇಳದೆ ಓದಲು ಹೋದರೆ ಪ್ಯಾರಾಮೀಟರ್ ಲೆಕ್ಕ ತಪ್ಪಿದೆ ಅಂತ ಎಕ್ಸೆಪ್ಶನ್. ಗೆಟ್‌ಇಂಡೆಕ್ಸ್‌ಪ್ಯಾರಾಮೀಟರ್ಸ್‌ನ ಲೆಂತ್ 0 ಅಲ್ಲದಿದ್ದರೆ ದಾಟಿ ಮುಂದೆ ಹೋಗಿ. ಇನ್ನು ಗೆಟರ್ ತಾನೇ ಎಕ್ಸೆಪ್ಶನ್ ಎಸೆದರೆ ನಿಮಗೆ ಕಾಣುವುದು ಟಾರ್ಗೆಟ್‌ಇನ್ವೊಕೇಶನ್‌ಎಕ್ಸೆಪ್ಶನ್ ಅನ್ನುವ ಹೊದಿಕೆ ಮಾತ್ರ. ನಿಜವಾದ ಕಾರಣ ಇನ್ನರ್‌ಎಕ್ಸೆಪ್ಶನ್‌ನಲ್ಲಿರುತ್ತದೆ. ಟ್ರೈ ಕ್ಯಾಚ್ ಅನ್ನು ಲೂಪ್‌ನ ಒಳಗೆ ಇಡಿ, ಒಂದು ಪ್ರಾಪರ್ಟಿ ಕೈಕೊಟ್ಟರೂ ಉಳಿದವು ಬರಲಿ.

ಪಾಸ್‌ವರ್ಡ್ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಲ್ಲ ಪ್ರಾಪರ್ಟಿ ಬರೆಯಿರಿ ಅಂದರೆ ಪಾಸ್‌ವರ್ಡ್, ಟೋಕನ್ ಎಲ್ಲವೂ ಲಾಗ್‌ಗೆ ಹೋಗುತ್ತವೆ. ನಾನೀಗ ನನ್ನದೇ ಒಂದು ಆಟ್ರಿಬ್ಯೂಟ್ (ಕೋಡ್‌ನಲ್ಲಿ ಪ್ರಾಪರ್ಟಿಯ ಮೇಲೆ ಹಾಕುವ ಗುರುತು) ಮಾಡಿಕೊಂಡಿದ್ದೇನೆ. ಅದನ್ನು ಹಾಕಿರುವ ಪ್ರಾಪರ್ಟಿಗಳನ್ನು ಮಾತ್ರ ಓದುತ್ತೇನೆ. ಗೆಟ್‌ಕಸ್ಟಮ್‌ಆಟ್ರಿಬ್ಯೂಟ್ ನಲ್ ಕೊಟ್ಟರೆ ಆ ಪ್ರಾಪರ್ಟಿಯ ತಂಟೆಗೇ ಹೋಗುವುದಿಲ್ಲ. ಲೇಜಿ ಲೋಡಿಂಗ್ ಕಾಟವೂ ಇದರಿಂದಲೇ ತಪ್ಪಿತು.

ನಿಧಾನ ಆಗುತ್ತದಾ ಅಂತಲೂ ಕೇಳಿದ್ದೀರಿ. ನೇರವಾಗಿ ಓದುವುದಕ್ಕಿಂತ ನಿಧಾನ, ನಿಜ. ಪ್ರತಿ ಸಲ ಪಟ್ಟಿ ತೆಗೆದು ಸೋಸುವ ಬದಲು ಟೈಪ್‌ಗೆ ಒಂದರಂತೆ, ಹಲವು ಥ್ರೆಡ್‌ಗಳು ಒಟ್ಟಿಗೆ ಮುಟ್ಟಿದರೂ ಕೆಡದ ಕನ್‌ಕರೆಂಟ್‌ಡಿಕ್ಷನರಿಯಲ್ಲಿ ಇಟ್ಟುಕೊಳ್ಳಿ. ಲಾಗ್‌ಗೆ ಅಷ್ಟು ಸಾಕು. ಹಳೆಯ ಡಾಟ್‌ನೆಟ್ (ಸಿ ಶಾರ್ಪ್ ಕೋಡ್ ಓಡುವ ವೇದಿಕೆ) ಆದರೆ ಪಟ್ಟಿಯ ಕ್ರಮವನ್ನು ಮಾತ್ರ ನಂಬಬೇಡಿ. ಡಾಟ್‌ನೆಟ್ 6ರವರೆಗೆ ಅದಕ್ಕೆ ಗ್ಯಾರಂಟಿ ಇರಲಿಲ್ಲ, 7ರಿಂದ ಇದೆ. ನಾನು ಹೆಸರಿನ ಪ್ರಕಾರ ಸಾರ್ಟ್ ಮಾಡಿಬಿಡುತ್ತೇನೆ.

ನಿಮ್ಮ ಮಷಿನ್‌ನಲ್ಲಿ ಕಾಣುವ ಪ್ರಾಪರ್ಟಿ ಪಬ್ಲಿಶ್ ಮಾಡಿದ ಮೇಲೆ ಮಾಯವಾದರೆ ಮೊದಲು ಟ್ರಿಮ್ಮಿಂಗ್, ಅಂದರೆ ಬಳಸದ ಕೋಡ್ ತೆಗೆದು ಪ್ರೋಗ್ರಾಂ ಚಿಕ್ಕದು ಮಾಡುವ, ಸೆಟ್ಟಿಂಗ್ ನೋಡಿ. ಕೋಡ್‌ನಲ್ಲಿ ಯಾರೂ ನೇರವಾಗಿ ಹೆಸರು ಹೇಳಿ ಕರೆಯದ ಪ್ರಾಪರ್ಟಿಯನ್ನು ಅದು ಬೇಡದ್ದು ಅಂತ ಕತ್ತರಿಸಿರುತ್ತದೆ.