ಹೆಪ್ಪು ಕರಗಿಸುವ ಮದ್ದು ಮತ್ತು ಎರವಲು ತಂದ ವಂಶವಾಹಿ

ಪ್ರಶ್ನೆ: ನಮ್ಮ ತಂದೆಯವರಿಗೆ ಹೃದಯಾಘಾತವಾದಾಗ ಸ್ಟ್ರೆಪ್ಟೋಕೈನೇಸ್ ಎಂಬ ಚುಚ್ಚುಮದ್ದು ಕೊಟ್ಟಿದ್ದರು. ಪೊಟ್ಟಣದ ಮೇಲೆ ‘ರಿಕಾಂಬಿನೆಂಟ್’ (ಅಂದರೆ ಒಂದು ಜೀವಿಯ ವಂಶವಾಹಿಯನ್ನು ಇನ್ನೊಂದಕ್ಕೆ ಸೇರಿಸಿ ತಯಾರಿಸಿದ್ದು) ಎಂದು ಬರೆದಿತ್ತು. ಅದು ಬ್ಯಾಕ್ಟೀರಿಯಾದ ಕಿಣ್ವವೆಂದು ಓದಿದ್ದೇನೆ. ಹಾಗಿದ್ದರೆ ಆ ಬ್ಯಾಕ್ಟೀರಿಯಾದಿಂದಲೇ ತೆಗೆಯದೆ ಜೀನ್ ಕ್ಲೋನಿಂಗ್ ಏಕೆ ಮಾಡುತ್ತಾರೆ?
– ಓದುಗರೊಬ್ಬರು, ಹಾಸನ

ಉತ್ತರ: ಮೊದಲಿಗೆ ಒಂದು ತಿದ್ದುಪಡಿ ಅಗತ್ಯ. ಸ್ಟ್ರೆಪ್ಟೋಕೈನೇಸನ್ನು ರೂಢಿಯಲ್ಲಿ ಕಿಣ್ವವೆಂದು ಕರೆದರೂ ಅದು ತಾನಾಗಿ ಹೆಪ್ಪನ್ನು ಕತ್ತರಿಸುವುದಿಲ್ಲ. ನಮ್ಮ ರಕ್ತದಲ್ಲಿ ನಿಷ್ಕ್ರಿಯವಾಗಿ ಹರಿಯುತ್ತಿರುವ ಪ್ಲಾಸ್ಮಿನೋಜೆನ್ ಎಂಬ ಪ್ರೋಟೀನಿನ ಒಂದು ಅಣುವಿಗೆ ಅದರ ಒಂದು ಅಣು ಅಂಟಿಕೊಳ್ಳುತ್ತದೆ. ಹೀಗೆ ಉಂಟಾದ ಜೋಡಿಯು ಉಳಿದ ಪ್ಲಾಸ್ಮಿನೋಜೆನನ್ನು ಪ್ಲಾಸ್ಮಿನ್ ಆಗಿ ಮಾರ್ಪಡಿಸುತ್ತದೆ, ಆ ಪ್ಲಾಸ್ಮಿನ್ ಹೆಪ್ಪಿನ ಹಂದರವಾದ ಫೈಬ್ರಿನ್ ಎಳೆಗಳನ್ನು ತುಂಡರಿಸುತ್ತದೆ. ಅಂದರೆ ಹೆಪ್ಪು ಕರಗಿಸುವ ಶಕ್ತಿ ನಿಮ್ಮ ತಂದೆಯವರ ರಕ್ತದಲ್ಲಿಯೇ ಇತ್ತು, ಮದ್ದು ಅದನ್ನು ಎಚ್ಚರಿಸಿತು.

ರಕ್ತಕಣಗಳನ್ನು ಒಡೆಯುವ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾಗಳಿಗೆ ಹೆಪ್ಪು ಕರಗಿಸುವ ಗುಣವಿದೆಯೆಂದು ಟಿಲೆಟ್ ಮತ್ತು ಗಾರ್ನರ್ ಎಂಬ ಅಮೆರಿಕದ ವಿಜ್ಞಾನಿಗಳು 1933ರಲ್ಲಿ ವರದಿ ಮಾಡಿದರು. ಬಹುಕಾಲದವರೆಗೆ ಔಷಧಿಯನ್ನು ಆ ಬ್ಯಾಕ್ಟೀರಿಯಾವನ್ನು ಬೆಳೆಸಿಯೇ ಪಡೆಯುತ್ತಿದ್ದರು, ಮತ್ತು ಅದು ಗುಣಕಾರಿಯೂ ಆಗಿತ್ತು. 17,187 ರೋಗಿಗಳನ್ನು ಒಳಗೊಂಡು 1988ರಲ್ಲಿ ಪ್ರಕಟವಾದ ಐಸಿಸ್-2 ಅಧ್ಯಯನದಲ್ಲಿ, ಐದು ವಾರಗಳೊಳಗೆ ಹೃದಯ ಮತ್ತು ರಕ್ತನಾಳದ ಕಾರಣಗಳಿಂದ ಸತ್ತವರ ಪ್ರಮಾಣ ಈ ಮದ್ದು ಪಡೆದವರಲ್ಲಿ ಶೇ. 9.2 ಇದ್ದರೆ, ಪಡೆಯದವರಲ್ಲಿ ಶೇ. 12 ಇತ್ತು. ತೊಡಕು ಇದ್ದುದು ತಯಾರಿಕೆಯಲ್ಲಿ. ಸ್ಟ್ರೆಪ್ಟೋಕಾಕಸ್ ರೋಗಕಾರಕ ಜೀವಿ. ಬೇಕಾದ ಪ್ರೋಟೀನಿನೊಡನೆ ರಕ್ತಕಣಗಳನ್ನು ಒಡೆಯುವ ಸ್ಟ್ರೆಪ್ಟೋಲೈಸಿನ್‌ನಂತಹ ವಿಷವಸ್ತುಗಳನ್ನೂ ಅದು ಹೊರಸೂಸುತ್ತದೆ. ಅವನ್ನೆಲ್ಲ ಬೇರ್ಪಡಿಸಬೇಕಿತ್ತು, ಕೆಲಸಗಾರರನ್ನು ಸೋಂಕಿನಿಂದ ಕಾಪಾಡಬೇಕಿತ್ತು.

ಆದುದರಿಂದ ಜೀವಿಯನ್ನು ಬಿಟ್ಟು ಅದರ ಒಂದೇ ಒಂದು ವಂಶವಾಹಿಯನ್ನು ಎರವಲು ತರುವ ದಾರಿ ಆಕರ್ಷಕವಾಯಿತು. 1984ರಲ್ಲಿ ಮಾಲ್ಕೆ ಮತ್ತು ಫೆರೆಟ್ಟಿ ಅವರು ಈ ವಂಶವಾಹಿಯನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಕ್ಲೋನ್ ಮಾಡಿದರು. ಕ್ರಮವನ್ನು ಸ್ಥೂಲವಾಗಿ ಹೇಳುವುದಾದರೆ, ವಂಶವಾಹಿಯಿರುವ ಡಿಎನ್‌ಎಯನ್ನು ನಿರ್ದಿಷ್ಟ ಜಾಗದಲ್ಲಿ ಕತ್ತರಿಸುವ ಕಿಣ್ವಗಳಿಂದ ತುಂಡರಿಸಿ, ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಕ್ಕೆ ಲೈಗೇಸ್ ಕಿಣ್ವದ ನೆರವಿನಿಂದ ಬೆಸೆದು, ಅದನ್ನು ಪ್ರಯೋಗಾಲಯದ ನಿರಪಾಯಕಾರಿ ಇ. ಕೋಲಿ ತಳಿಯೊಳಕ್ಕೆ ಸೇರಿಸುತ್ತಾರೆ. ಬೆಳೆದ ಅಸಂಖ್ಯ ಕಾಲೊನಿಗಳಲ್ಲಿ (ಬ್ಯಾಕ್ಟೀರಿಯಾ ಗುಂಪುಗಳಲ್ಲಿ) ಬೇಕಾದುದು ಯಾವುದೆಂದು ಗುರುತಿಸುವ ಒಂದು ಉಪಾಯ ನನಗೆ ಇಂದಿಗೂ ಬಹಳ ಸೊಗಸಾಗಿ ತೋರುತ್ತದೆ. ಹಾಲಿನ ಪ್ರೋಟೀನು ಮತ್ತು ಪ್ಲಾಸ್ಮಿನೋಜೆನ್ ಬೆರೆಸಿದ ಮಸುಕು ಬಿಳಿಯ ಅಗಾರ್ ತಟ್ಟೆಯಲ್ಲಿ, ಸ್ಟ್ರೆಪ್ಟೋಕೈನೇಸ್ ತಯಾರಿಸುವ ಕಾಲೊನಿಯ ಸುತ್ತ ಮಾತ್ರ ಆ ಪ್ರೋಟೀನು ಜೀರ್ಣವಾಗಿ ತಿಳಿಯಾದ ಬಳೆಯೊಂದು ಮೂಡುತ್ತದೆ; ಬರಿಗಣ್ಣಿಗೇ ಕಾಣುವ ಆ ಬಳೆಯನ್ನು ನೋಡಿ ಕಾಲೊನಿಯನ್ನು ಆರಿಸಿಕೊಳ್ಳಬಹುದು.

ಈ ಪ್ರೋಟೀನು ಇ. ಕೋಲಿಗೆ ಹೇಳಿ ಮಾಡಿಸಿದಂತಿದೆ ಎಂಬುದಕ್ಕೆ ರಾಸಾಯನಿಕ ಕಾರಣವಿದೆ. ಅದರ 414 ಅಮೈನೋ ಆಮ್ಲಗಳಲ್ಲಿ, ಗಂಧಕದ ಸೇತುವೆ ಕಟ್ಟುವ ಸಿಸ್ಟೀನ್ ಒಂದೂ ಇಲ್ಲ. ಆದ್ದರಿಂದ ಗಂಧಕದ ಸೇತುವೆಗಳನ್ನು ಸರಿಯಾಗಿ ಕೂಡಿಸುವ ಕಷ್ಟ ಬರುವುದಿಲ್ಲ, ಸಕ್ಕರೆಯ ಸರಪಳಿಗಳನ್ನು ಜೋಡಿಸಬೇಕಾಗಿಯೂ ಇಲ್ಲ. ಹೆಪ್ಪು ಕರಗಿಸಲು ನೆರವಾಗುವ, ಮನುಷ್ಯರ ದೇಹದ್ದೇ ಆದ ಟಿಪಿಎ ಎಂಬ ಕಿಣ್ವದಲ್ಲಿ ಇಂತಹ 17 ಸೇತುವೆಗಳಿದ್ದು, ಔಷಧಿಗಾಗಿ ಅದನ್ನು ಸಾಮಾನ್ಯವಾಗಿ ಹ್ಯಾಮ್‌ಸ್ಟರ್ ಪ್ರಾಣಿಯ ಜೀವಕೋಶಗಳಲ್ಲಿ ತಯಾರಿಸಬೇಕಾಗುತ್ತದೆ. ಅದರ ಹೆಚ್ಚಿನ ಬೆಲೆಗೆ ಇದೂ ಒಂದು ಕಾರಣ. ಹಾಗೆಂದು ಇ. ಕೋಲಿಯ ದಾರಿ ಪೂರ್ತಿ ಸುಗಮವಲ್ಲ. ಅದರ ಹೊರಪೊರೆಯ ಎಂಡೋಟಾಕ್ಸಿನ್ ಎಂಬ ವಿಷವಸ್ತು ರಕ್ತಕ್ಕೆ ಸೇರಿದರೆ ಜ್ವರ, ರಕ್ತದೊತ್ತಡದ ಕುಸಿತ ಉಂಟಾಗುವುದರಿಂದ ಶುದ್ಧೀಕರಣದಲ್ಲಿ ಅದನ್ನು ನಿವಾರಿಸಲೇಬೇಕು. ಭಾರತದಲ್ಲಿ ಚಂಡೀಗಢದ ಸೂಕ್ಷ್ಮಜೀವಿ ತಂತ್ರಜ್ಞಾನ ಸಂಸ್ಥೆಯ ಗಿರೀಶ್ ಸಾಹ್ನಿ ಅವರ ತಂಡವು ಈ ಮದ್ದಿನ ದೇಶೀ ತಯಾರಿಕೆಯ ತಂತ್ರವನ್ನು ರೂಪಿಸಿತು, ಮುಂದೆ ಹೆಪ್ಪು ಇರುವೆಡೆಯಲ್ಲೇ ಹೆಚ್ಚಾಗಿ ಕೆಲಸಮಾಡುವಂತೆ ಮಾರ್ಪಡಿಸಿದ ರೂಪವನ್ನೂ ಸಿದ್ಧಪಡಿಸಿತು. ನಮ್ಮಂತಹ ದೇಶಕ್ಕೆ ಇದು ಸಣ್ಣ ಕೆಲಸವಲ್ಲ.

ಪ್ರಶ್ನೆ: ಜಪಾನಿನ ನ್ಯಾಟೋಕೈನೇಸ್ ಮಾತ್ರೆಗಳೂ ಹೆಪ್ಪು ಕರಗಿಸುತ್ತವೆಯಂತೆ. ಅವನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಸೋಯಾಕಾಳನ್ನು ಬ್ಯಾಸಿಲಸ್ ಸಬ್ಟಿಲಿಸ್ ಬ್ಯಾಕ್ಟೀರಿಯಾದಿಂದ ಹುದುಗಿಸಿದ ನ್ಯಾಟೋ ಎಂಬ ತಿನಿಸಿನಲ್ಲಿ ಈ ಕಿಣ್ವವಿದೆಯೆಂದು ಹಿರೋಯುಕಿ ಸುಮಿ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದರು. ಇದು ಫೈಬ್ರಿನನ್ನು ನೇರವಾಗಿ ಕತ್ತರಿಸುವ ನಿಜವಾದ ಕಿಣ್ವ. ಇದರ ವಂಶವಾಹಿಯನ್ನೂ ಕ್ಲೋನ್ ಮಾಡಲಾಗಿದೆ. ಆದರೆ ಹೃದಯಾಘಾತದ ಚಿಕಿತ್ಸೆಗೆ ಇದು ಬದಲಿಯಲ್ಲ. ಎದೆನೋವು ಬಂದಾಗ ಮಾತ್ರೆ ನುಂಗಿ ಕಾಯುವುದು ಅಪಾಯಕರ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಪ್ರಶ್ನೆ: ಸ್ಟ್ರೆಪ್ಟೋಕೈನೇಸನ್ನು ಒಬ್ಬರಿಗೇ ಎರಡನೆಯ ಸಲ ಕೊಡಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಾಮಾನ್ಯವಾಗಿ ಕೊಡುವುದಿಲ್ಲ. ಕ್ಲೋನಿಂಗ್‌ನಿಂದ ತಯಾರಿಸಿದರೂ ಅದು ಬ್ಯಾಕ್ಟೀರಿಯಾದ ಪ್ರೋಟೀನೇ. ದೇಹವು ಅದನ್ನು ಪರಕೀಯವೆಂದು ಗುರುತಿಸಿ ಪ್ರತಿಕಾಯಗಳನ್ನು ಬೆಳೆಸುತ್ತದೆ, ಅವು ವರ್ಷಗಟ್ಟಲೆ ಉಳಿದು ಎರಡನೆಯ ಸಲ ಮದ್ದನ್ನು ನಿಷ್ಫಲಗೊಳಿಸಬಹುದು ಅಥವಾ ಅಲರ್ಜಿಯನ್ನು ಕೆರಳಿಸಬಹುದು. ಅಂತಹವರಿಗೆ ಟಿಪಿಎಯ ಮಾರ್ಪಡಿಸಿದ ರೂಪವಾದ ಟೆನೆಕ್ಟೆಪ್ಲೇಸ್ ಇದೆ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ನೀಡುತ್ತಿರುವುದು ಈ ಮದ್ದನ್ನೇ. ಹಿಂದೆ ಸ್ಟ್ರೆಪ್ಟೋಕೈನೇಸ್ ಪಡೆದವರು ಆಸ್ಪತ್ರೆಯ ಬಿಡುಗಡೆ ಪತ್ರವನ್ನು ಜೋಪಾನವಾಗಿಟ್ಟು, ಮದ್ದಿನ ಹೆಸರು ಮತ್ತು ದಿನಾಂಕವನ್ನು ಮನೆಯವರಿಗೂ ತಿಳಿಸಿರಬೇಕು.