ಹೂಡಿಯಾ: ಸಾನ್ ಜನರು ತಿಂದದ್ದು ಮಾತ್ರೆಯನ್ನಲ್ಲ

ಓದುಗರ ಪತ್ರ: ಹಸಿವನ್ನು ಅಡಗಿಸುವ 'ಹೂಡಿಯಾ' ಮಾತ್ರೆಯ ಜಾಹೀರಾತು ಮೊಬೈಲಿನಲ್ಲಿ ದಿನವೂ ಬರುತ್ತಿದೆ. ತೂಕ ಇಳಿಸಬೇಕೆಂದು ನನ್ನ ಮಗಳು ಅದನ್ನು ತರಿಸಿಕೊಳ್ಳಲು ಹೊರಟಿದ್ದಾಳೆ. "ಕಲಹಾರಿಯ ಆದಿವಾಸಿಗಳು ತಲೆತಲಾಂತರದಿಂದ ತಿಂದ ಗಿಡ ನನಗೇನು ಕೆಡುಕು ಮಾಡೀತು?" ಎಂದು ಕೇಳುತ್ತಾಳೆ. ನಾನು ಏನು ಹೇಳಲಿ? (ಓದುಗರೊಬ್ಬರು, ಚಳ್ಳಕೆರೆ)

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಮಗಳ ಪ್ರಶ್ನೆ ನ್ಯಾಯವಾದದ್ದು. ಜಾಹೀರಾತಿನ ಒಂದು ಮಾತು ನಿಜವೂ ಹೌದು. ದಕ್ಷಿಣ ಆಫ್ರಿಕಾ, ನಮೀಬಿಯಾ, ಬೋಟ್ಸ್ವಾನಾಗಳಲ್ಲಿ ಹರಡಿದ ಕಲಹಾರಿ ಮರುಭೂಮಿಯ ಒಣನೆಲದಲ್ಲಿ ಬಾಳುವ ಸಾನ್ ಜನರು ದೂರದ ಬೇಟೆಗೆ ಹೊರಟಾಗ ಹೂಡಿಯಾದ ಹಸಿ ಕಾಂಡವನ್ನು ಮುಳ್ಳು ತೆಗೆದು ತಿನ್ನುತ್ತಿದ್ದರು. ಹಸಿವು, ಬಾಯಾರಿಕೆ ಎರಡೂ ತಗ್ಗುತ್ತಿದ್ದವು. ನೋಡಲು ಕಳ್ಳಿಯಂತಿದ್ದರೂ ಅದು ನಮ್ಮ ಎಕ್ಕದ ಕುಟುಂಬದ ಗಿಡ. ಮಾಂಸದ ಬಣ್ಣದ ಅದರ ಹೂವು ಕೊಳೆತ ಮಾಂಸದಂತೆಯೇ ನಾರುತ್ತದೆ; ಆ ವಾಸನೆಗೆ ಬರುವ ನೊಣಗಳಿಂದಲೇ ಪರಾಗಸ್ಪರ್ಶ.

ಮಾತ್ರೆಯ ಕಥೆ ಶುರುವಾಗುವುದು ಆ ಜನರನ್ನು ಬದಿಗೆ ಸರಿಸಿದ ಮೇಲೆ. ದಕ್ಷಿಣ ಆಫ್ರಿಕಾದ ಸರ್ಕಾರಿ ಸಂಶೋಧನಾ ಮಂಡಳಿ ಸಿಎಸ್‌ಐಆರ್ 1960ರ ದಶಕದಲ್ಲಿ ಈ ಗಿಡವನ್ನು ಪರೀಕ್ಷೆಗೆ ಎತ್ತಿಕೊಂಡಿತು. ಹಸಿವು ತಗ್ಗಿಸುವ ಅಂಶಕ್ಕೆ 'ಪಿ57' ಎಂಬ ಹೆಸರು ಬಂತು. 1990ರ ದಶಕದಲ್ಲಿ ಮಂಡಳಿ ಅದರ ಪೇಟೆಂಟ್ ಪಡೆದು, ಬಳಸುವ ಹಕ್ಕನ್ನು ಬ್ರಿಟನ್ನಿನ ಫೈಟೋಫಾರ್ಮ್ ಕಂಪನಿಗೆ ಕೊಟ್ಟಿತು. ಅಲ್ಲಿಂದ ಅದು ಅಮೆರಿಕದ ಔಷಧ ಕಂಪನಿ ಫೈಜರ್ ಕೈಗೆ ಹೋಯಿತು. ಇಷ್ಟೆಲ್ಲ ನಡೆದರೂ ಸಾನ್ ಜನರನ್ನು ಒಂದು ಮಾತು ಕೇಳಿದವರಿಲ್ಲ. 2001ರಲ್ಲಿ ವಿಷಯ ಪತ್ರಿಕೆಗಳಿಗೆ ಬಂದಾಗ ಫೈಟೋಫಾರ್ಮ್ ಕಡೆಯಿಂದ ಬಂದ ಸಮಜಾಯಿಷಿ, ಆ ಜನಾಂಗವೇ ಅಳಿದುಹೋಗಿದೆ ಎಂದುಕೊಂಡಿದ್ದೆವು ಎಂಬುದು. ಆಗ ದಕ್ಷಿಣ ಭಾಗದ ಆಫ್ರಿಕಾದಲ್ಲಿ ಸುಮಾರು ಒಂದು ಲಕ್ಷ ಸಾನ್ ಜನರಿದ್ದರು. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ಅವರು ಸುಮ್ಮನಿರಲಿಲ್ಲ. ತಮ್ಮದೇ ಮಂಡಳಿ ಕಟ್ಟಿಕೊಂಡು, ವಕೀಲರನ್ನು ಜೊತೆಗಿಟ್ಟುಕೊಂಡು ಮಾತುಕತೆಗೆ ಕುಳಿತರು. 2003ರ ಮಾರ್ಚ್‌ನಲ್ಲಿ ಸಿಎಸ್‌ಐಆರ್ ಜೊತೆ ಒಪ್ಪಂದವಾಯಿತು: ಸಿಎಸ್‌ಐಆರ್‌ಗೆ ಬರುವ ರಾಯಧನದಲ್ಲಿ ಶೇ. 6, ಸಂಶೋಧನೆಯ ಹಂತಗಳಲ್ಲಿ ಬರುವ ಹಣದಲ್ಲಿ ಶೇ. 8 ಅವರಿಗೆ. ಆದಿವಾಸಿಗಳ ಅರಿವಿಗೆ ಪಾಲು ಕೊಡಬೇಕೆಂಬ ವಾದಕ್ಕೆ ಇದು ಜಗತ್ತಿನಲ್ಲೇ ದೊಡ್ಡ ಬಲ ಕೊಟ್ಟಿತು. ಆದರೆ ಅದೇ ವರ್ಷ ಫೈಜರ್ ಕೈಬಿಟ್ಟಿತು. 2004ರಲ್ಲಿ ಬಂದ ಯೂನಿಲಿವರ್ ಕೂಡ 2008ರಲ್ಲಿ ಹಿಂದೆ ಸರಿಯಿತು.

ಏಕೆ ಎಂಬುದು ನಿಮ್ಮ ಮಗಳು ತಿಳಿಯಬೇಕಾದ ಸಂಗತಿ. ಯೂನಿಲಿವರ್ ನಡೆಸಿದ ಪರೀಕ್ಷೆಯ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಅದರಲ್ಲಿ 49 ಮಹಿಳೆಯರಿದ್ದರು. ಕೆಲವರಿಗೆ ಹೂಡಿಯಾ ಸಾರ ಬೆರೆಸಿದ ಮೊಸರಿನ ಪಾನೀಯ, ಉಳಿದವರಿಗೆ ಬರೀ ಪಾನೀಯ, 15 ದಿನ. ಉಂಡ ಆಹಾರದಲ್ಲಾಗಲಿ ತೂಕದಲ್ಲಾಗಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕಂಡದ್ದು ವಾಕರಿಕೆ, ವಾಂತಿ, ಚರ್ಮದಲ್ಲಿ ಕಿರಿಕಿರಿ, ಏರಿದ ರಕ್ತದೊತ್ತಡ ಮತ್ತು ನಾಡಿಬಡಿತ. ರಕ್ತದಲ್ಲಿ ಬಿಲಿರುಬಿನ್ (ಪಿತ್ತದ ಹಳದಿ ಅಂಶ) ಕೂಡ ಹೆಚ್ಚಿತ್ತು. ಇಷ್ಟು ಹಣ ಸುರಿದ ಕಂಪನಿಯೇ ಮಾರಲು ಹಿಂಜರಿದ ವಸ್ತುವನ್ನು ಹೆಸರಿಲ್ಲದ ಅಂಗಡಿಯೊಂದು ಮೊಬೈಲಿನಲ್ಲಿ ಮಾರುತ್ತಿದೆ.

ಹಾಗಾದರೆ ಸಾನ್ ಜನರ ಅರಿವು ಸುಳ್ಳೇ? ಖಂಡಿತ ಅಲ್ಲ. ಅವರು ತಿಂದದ್ದು ಹಸಿ ಕಾಂಡ, ಅದೂ ಊಟ ಸಿಗದ ದಾರಿಯಲ್ಲಿ, ಬೇಟೆ ಮುಗಿಯುವವರೆಗೆ. ಸಾರ ತೆಗೆದು ಒಣಗಿಸಿ, ಮನೆಯಲ್ಲಿ ಅನ್ನವಿದ್ದೂ ಬೇಡವೆನ್ನುವವರಿಗೆ ತಿಂಗಳುಗಟ್ಟಲೆ ನುಂಗಿಸಿದವರು ಅವರಲ್ಲ. ಅವರ ಅನುಭವವನ್ನು ಈ ಡಬ್ಬಿಗೆ ಜಾಮೀನಾಗಿ ನಿಲ್ಲಿಸುವುದು ಅವರಿಗೆ ಮಾಡುವ ಎರಡನೆಯ ಅನ್ಯಾಯ.

ಡಬ್ಬಿಯಲ್ಲಿ ಹೂಡಿಯಾ ಇದೆಯೇ ಎಂಬುದೂ ಅನುಮಾನ. ಗಿಡ ನಿಧಾನವಾಗಿ ಬೆಳೆಯುತ್ತದೆ. ಅದರ ಅಂತರರಾಷ್ಟ್ರೀಯ ವ್ಯಾಪಾರ ಅಳಿವಿನಂಚಿನ ಜೀವಿಗಳನ್ನು ಕಾಯುವ ಸೈಟ್ಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅಲ್ಲಿನ ಮಾರಾಟಗಾರರ ಮೇಲೆ ಸುಳ್ಳು ಪ್ರಚಾರಕ್ಕಾಗಿ ಮೊಕದ್ದಮೆ ಹೂಡಿತ್ತು.

ಹೂಡಿಯಾದ ಹತ್ತಿರದ ನೆಂಟ ನಮ್ಮ ಒಣ ಗುಡ್ಡಗಳಲ್ಲೂ ಇದೆ: ಕ್ಯಾರಲುಮಾ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು 50 ಜನರಿಗೆ 60 ದಿನ ದಿನಕ್ಕೊಂದು ಗ್ರಾಂ ಸಾರ ಅಥವಾ ಹುಸಿ ಔಷಧ ಕೊಟ್ಟು ನೋಡಿ 2007ರಲ್ಲಿ ವರದಿ ಪ್ರಕಟಿಸಿದರು. ಸಾರ ಪಡೆದವರಲ್ಲಿ ಹಸಿವು, ಸೊಂಟದ ಸುತ್ತಳತೆ ತುಸು ಇಳಿದವು. ತೂಕದಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಅಷ್ಟನ್ನೇ ನಂಬಿ ಅದನ್ನೂ ಶುರುಮಾಡಬೇಡಿ ಎನ್ನುತ್ತೇನೆ.

ಮಗಳಿಗೆ ಬೈಯಬೇಡಿ. ತೂಕದ ಚಿಂತೆ ನಿಜವಾಗಿದ್ದರೆ ವೈದ್ಯರ ಬಳಿ ಕರೆದೊಯ್ಯಿರಿ. ಮಾತ್ರೆ ಆಗಲೇ ಬಂದು ಅವಳು ನುಂಗಿದ್ದರೆ ಇಂದೇ ನಿಲ್ಲಿಸಲಿ. ವಾಂತಿಯೋ ಎದೆಬಡಿತವೋ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.