ಮನೆಯವರ ರಾಜಕೀಯ ಅಭಿಪ್ರಾಯವನ್ನು ಒಪ್ಪದೆಯೂ ಗೌರವದಿಂದ ಕೇಳಿಸಿಕೊಳ್ಳುವುದು ಹೇಗೆ?

ತಂದೆಯೂ ತಾವೂ ಬೇರೆ ಬೇರೆ ಪಕ್ಷದವರು, ಪ್ರತಿ ಭಾನುವಾರದ ಊಟ ಜಗಳದಲ್ಲೇ ಮುಗಿಯುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ನನ್ನ ಮನೆಯಲ್ಲಿ ತಂದೆಯ ಜಾಗದಲ್ಲಿ ಮಾವ ಇದ್ದಾರೆ, ಅಷ್ಟೇ ವ್ಯತ್ಯಾಸ. ಕೇಳಿಸಿಕೊಳ್ಳುವುದನ್ನು ಕಲಿಯಲು ನನಗೆ ಹನ್ನೊಂದು ವರ್ಷ ಹಿಡಿಯಿತು. ಕಲಿತದ್ದೂ ಅರ್ಧಂಬರ್ಧ.

ನಾವಿರುವುದು ಹನುಮಂತನಗರದಲ್ಲಿ, ಅತ್ತೆ ಮಾವನ ಜೊತೆ. 2023ರ ಜೂನ್ 11ರಂದು ಹೆಂಗಸರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾಯಿತಲ್ಲ, ಅಂದಿನಿಂದ ನಮ್ಮ ಊಟದ ಮನೆ ವಿಧಾನಸಭೆಯಾಯಿತು. ಮಾವನ ಬಾಯಲ್ಲಿ ಅದಕ್ಕೆ ಒಂದೇ ಹೆಸರು, ಬಿಟ್ಟಿ. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ಕೆಂಗೇರಿಯ ಕಡೆಯಿಂದ ಎರಡು ಬಸ್ ಬದಲಿಸಿ ಬರುತ್ತಾರೆ. ಅವರಿಗೆ ತಿಂಗಳಿಗೆ ಎಷ್ಟು ಉಳಿಯುತ್ತದೆ ಎಂದು ನಾನು ಲೆಕ್ಕ ಒಪ್ಪಿಸುತ್ತಿದ್ದೆ. ಲೆಕ್ಕ ಸರಿಯಾಗಿತ್ತು. ಆದರೆ ಒಂದು ಮಧ್ಯಾಹ್ನ ಮಾವ ಸಾರನ್ನಕ್ಕೇ ಕೈ ತೊಳೆದು ಎದ್ದುಬಿಟ್ಟರು, ಮಜ್ಜಿಗೆಗೆ ಕಾಯಲಿಲ್ಲ. ಮಜ್ಜಿಗೆ ಅನ್ನ ಬಿಟ್ಟು ಎದ್ದ ಹಿರಿಯರನ್ನು ನೋಡಿದವರಿಗೆ ಅದರ ಅರ್ಥ ಗೊತ್ತು.

ಮಾತಿನ ದಾರಿ ತಿರುಗಿದ್ದು ಮುಂದಿನ ಜನವರಿಯಲ್ಲಿ, ಅವರೆಕಾಯಿಯ ದಿನಗಳಲ್ಲಿ. ಹಿತಕಿದ ಬೇಳೆ ಸಾರಿಗೆಂದು ಎರಡು ಕಿಲೋ ಕಾಯಿ ಬಿಡಿಸಿ ಕಾಳು ನೆನೆಹಾಕಿದ್ದೆ. ಸಂಜೆ ಮಾವನೂ ನಾನೂ ತಟ್ಟೆ ಹಿಡಿದು ಹಿತಕಲು ಕೂತೆವು. ಹೆಬ್ಬೆರಳಿನಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಹಾರುತ್ತದೆ, ಸಿಪ್ಪೆ ಬೆರಳಿಗೆ ಅಂಟಿಕೊಳ್ಳುತ್ತದೆ. ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಟಿವಿಯಲ್ಲಿ ಏನೋ ಸುದ್ದಿ ಬಂತು. ಮಾವ ತಲೆ ಎತ್ತದೆ, ‘ಒಬ್ಬರದ್ದು ಕಿತ್ತು ಇನ್ನೊಬ್ಬರಿಗೆ ಕೊಡುವುದು ಇವರಿಗೆ 74ರಿಂದ ರೂಢಿ’ ಎಂದರು.

ಬಸ್ ಟಿಕೆಟ್ಟಿನ ಜಗಳಕ್ಕೆ 74 ಎಲ್ಲಿಂದ ಬಂತು? ನನ್ನ ತವರಿನಲ್ಲಿ 1974 ಎಂದರೆ ಹಬ್ಬ. ನಮ್ಮದು ಸಾಗರದ ಕಡೆಯ ಗೇಣಿದಾರರ ಮನೆ. ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದನ್ನು ಅಜ್ಜ ಕಣ್ಣಾರೆ ಕಂಡವರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನಾದ. ಅಜ್ಜ ಗೇಣಿ ಜಮೀನಿನ ಹಕ್ಕು ಕೇಳುವ ಏಳನೇ ನಮೂನೆ ಅರ್ಜಿ ಕೊಟ್ಟು ಎರಡು ಎಕರೆ ಪಡೆದರು. ನಮ್ಮ ದೇವರ ಗೂಡಿನ ಪಕ್ಕದಲ್ಲಿ ಆ ಕಾನೂನು ತಂದ ಮುಖ್ಯಮಂತ್ರಿ ದೇವರಾಜ ಅರಸರ ಪಟವಿತ್ತು.

ಬಾಯಿ ತುದಿಗೆ ಬಂದ ಉತ್ತರವನ್ನು ಆ ದಿನ ಯಾಕೋ ನುಂಗಿಕೊಂಡೆ. ‘ಮಾವ, ನಿಮ್ಮ ಗದ್ದೆ ಹೋದದ್ದು ಹೇಗೆ?’ ಎಂದಷ್ಟೇ ಕೇಳಿದೆ.

ಅವರ ಊರು ತೀರ್ಥಹಳ್ಳಿಯ ಹತ್ತಿರ. ತಂದೆ ಬೇಗ ತೀರಿಕೊಂಡಿದ್ದರು. ತಾಯಿಗೆ ಮೂವರು ಮಕ್ಕಳು, ಮೂರೂವರೆ ಎಕರೆ ಗದ್ದೆ. ಉಳುವವರಿಲ್ಲದೆ ಗೇಣಿಗೆ ಕೊಟ್ಟಿದ್ದರು. ಗೇಣಿಗೆ ಕೊಟ್ಟು ಉಳಿಸಿಕೊಳ್ಳುವ ಅವಕಾಶವನ್ನು ಕಾನೂನು ಸೈನಿಕರು, ನಾವಿಕರಿಗೆ ಬಿಟ್ಟರೆ ವಿಧವೆಯರಿಗೂ ಇಟ್ಟಿರಲಿಲ್ಲ. ಭೂನ್ಯಾಯಮಂಡಳಿಯ ವಿಚಾರಣೆಯ ದಿನ ತಾಯಿ ತಾಲ್ಲೂಕು ಕಚೇರಿಯ ಜಗುಲಿಯಲ್ಲಿ ಸಂಜೆಯವರೆಗೆ ಕೂತಿದ್ದರಂತೆ. ಗದ್ದೆ ಪಡೆದವನು ಆಮೇಲೆ ಸುಗ್ಗಿಯಲ್ಲಿ ಒಂದು ಮೂಟೆ ಅಕ್ಕಿ ಕಳುಹಿಸಿದನಂತೆ, ತಾಯಿ ಬಾಗಿಲಿಂದಲೇ ಹಿಂದಕ್ಕೆ ಕಳುಹಿಸಿದರಂತೆ. ಮಾವ ಹದಿನೇಳನೇ ವಯಸ್ಸಿಗೆ ಬೆಂಗಳೂರಿನ ಬಸ್ ಹತ್ತಿದರು. ಇದಿಷ್ಟನ್ನೂ ಹೇಳುವಾಗ ಅವರ ಕೈ ನಿಲ್ಲಲಿಲ್ಲ, ಆದರೆ ಬೇಳೆಯ ಜೊತೆ ಸಿಪ್ಪೆಯೂ ಬಟ್ಟಲಿಗೆ ಬೀಳುತ್ತಿತ್ತು.

ಅಜ್ಜನ ವಿಷಯವನ್ನು ಅಂದು ಹೇಳಲಿಲ್ಲ. ಹೇಳಿದ್ದರೆ ಅದೂ ಒಂದು ವಾದವಾಗುತ್ತಿತ್ತು. ವಾರದ ನಂತರ ಹೇಳಿದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಈಗ ಏನು ಬೆಳೆಯುತ್ತಾರೆ?’ ಎಂದರು. ಅಣ್ಣ ಅಡಿಕೆ ಹಾಕಿದ್ದಾನೆ ಎಂದೆ. ‘ಎಲೆಚುಕ್ಕೆ ರೋಗ ಬಂದಿದೆಯಂತಲ್ಲ ಆ ಕಡೆ, ಜೋಪಾನ ಎನ್ನು’ ಎಂದರು.

ಆ ಕಾನೂನು ಸರಿ ಎಂದೇ ನಾನು ಈಗಲೂ ನಂಬಿದ್ದೇನೆ. ಮಾವನಿಗೆ ಶಕ್ತಿ ಯೋಜನೆ ಈಗಲೂ ಬಿಟ್ಟಿಯೇ. ಆದರೆ ಆ ಪದ ಕಿವಿಗೆ ಬಿದ್ದಾಗ ನನಗೆ ಜಗುಲಿಯಲ್ಲಿ ಕೂತ ಹೆಂಗಸು ಕಾಣುತ್ತಾಳೆ, ದನಿ ತಾನಾಗಿಯೇ ಇಳಿಯುತ್ತದೆ.

ಹಾಗಾಗಿ ನಿಮ್ಮ ತಂದೆಯನ್ನು ‘ಯಾಕೆ ಹೀಗೆ ಯೋಚಿಸುತ್ತೀರಿ’ ಎಂದು ಕೇಳಬೇಡಿ, ಅದು ಕಟಕಟೆಗೆ ಹತ್ತಿಸಿದಂತೆ. ‘ಯಾವಾಗಿನಿಂದ’ ಎಂದು ಕೇಳಿ. ಊಟಕ್ಕೆ ಕೂತಾಗಲಂತೂ ಬೇಡ. ಕೈಗೆ ಏನಾದರೂ ಕೆಲಸವಿರಲಿ, ಇಲ್ಲವೇ ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ. ಬಂಡೆ ಹತ್ತುವಾಗ ಇಬ್ಬರಿಗೂ ಏದುಸಿರು, ಕೂಗಾಡಲು ಉಸಿರು ಉಳಿಯುವುದಿಲ್ಲ. ಬೆಳಗಿನ ಜಾವ ಬರುವ ವಾಟ್ಸಾಪ್ ಸಂದೇಶಗಳಿಗೆ ಕುಟುಂಬದ ಗುಂಪಿನಲ್ಲಿ ಉತ್ತರಿಸಬೇಡಿ. ಚಿಕ್ಕಪ್ಪಂದಿರ ಎದುರು ತಪ್ಪೊಪ್ಪಿಕೊಳ್ಳುವ ತಂದೆಯನ್ನು ನಾನಂತೂ ಕಂಡಿಲ್ಲ.

ಎಲ್ಲವನ್ನೂ ಕೇಳಿಸಿಕೊಳ್ಳಬೇಕೆಂದೇನೂ ಇಲ್ಲ. ಮನೆಗೆಲಸದ ಅಕ್ಕನ ಎದುರಿಗೇ ಮಾವ ಒಮ್ಮೆ ‘ಇವರಿಗೆಲ್ಲ ಮೋಜು’ ಎಂದಾಗ, ‘ಮಾವ, ಈ ಮಾತು ಬೇಡ’ ಎಂದು ತಡೆದೆ. ಅದು ರಾಜಕೀಯವಲ್ಲ, ಎದುರಿಗಿದ್ದವರನ್ನು ಹೀಯಾಳಿಸುವುದು. ಅಂದು ಅವರೂ ಮಜ್ಜಿಗೆ ಬಿಟ್ಟು ಏಳಲಿಲ್ಲ.

ಇನ್ನೊಂದು ವಿಷಯ. 2024ರ ಏಪ್ರಿಲ್ 26ರಂದು ಮೂವರೂ ಒಂದೇ ಆಟೊದಲ್ಲಿ ಮತ ಹಾಕಿ ಬಂದು, ಬೆರಳಿನ ಶಾಯಿ ಒಣಗುವ ಮೊದಲೇ ಕಾಫಿಗೆ ಕೂತಿದ್ದೆವು. ಮಾವ ಹಳೆಯ ಚುನಾವಣೆಗಳ ಕಥೆ ತೆಗೆದರು. 1984ರ ಡಿಸೆಂಬರಿನಲ್ಲಿ ಲೋಕಸಭೆಗೆ ಕಾಂಗ್ರೆಸ್ಸಿಗೆ 28ರಲ್ಲಿ 24 ಸ್ಥಾನ ಕೊಟ್ಟ ನಮ್ಮ ರಾಜ್ಯ, ಮರುವರ್ಷದ ಮಾರ್ಚಿನಲ್ಲಿ ವಿಧಾನಸಭೆಗೆ ಜನತಾ ಪಕ್ಷಕ್ಕೆ 139 ಕೊಟ್ಟಿತು. ಅಷ್ಟು ಬೇಗ ಮನಸ್ಸು ಬದಲಿಸಿದ ಪುಣ್ಯಾತ್ಮರು ಯಾರೋ ಎಂದು ಮಾವ ನಕ್ಕರು. ಅತ್ತೆ ಫಿಲ್ಟರಿನ ಮುಚ್ಚಳ ತೆಗೆಯುತ್ತಾ, ‘ನಾನೇ. ಇಂದಿರಾ ಸತ್ತ ಸಂಕಟಕ್ಕೆ ಒಮ್ಮೆ ಅತ್ತ ಹಾಕಿದೆ, ಆಮೇಲೆ ಹೆಗಡೆಗೆ’ ಎಂದರು. ತಮ್ಮ ಮನೆಯ ಎರಡು ಮತವೂ ಯಾವಾಗಲೂ ಒಂದೇ ಕಡೆ ಬೀಳುತ್ತದೆ ಎಂದು ಮಾವ ನಲವತ್ತು ವರ್ಷ ನಂಬಿದ್ದರು. ಅವರು ನನ್ನ ಮುಖ ನೋಡಿದರು, ನಾನು ಲೋಟ ನೋಡಿದೆ. 1989ರಲ್ಲಿ ಯಾರಿಗೆ ಹಾಕಿದ್ದು ಎಂಬುದನ್ನು ಅತ್ತೆ ಇನ್ನೂ ಹೇಳಿಲ್ಲ.